ಮುಸ್ಸಂಜೆಗೆ ಏಳುತ್ತಿದ್ದ ಸದ್ದು

ಈ ಪ್ರಸಂಗ ನಡೆದದ್ದು 2003ರ ದಸರೆಯಿಂದ 2004ರ ಸಂಕ್ರಾಂತಿಯ ಮರುವಾರದವರೆಗಿನ ಅವಧಿಯಲ್ಲಿ. ಬಹುಕಾಲ ನಾನು ಇದನ್ನು ಒಂದು ವರ್ಷ ಹಿಂದಿನದೆಂದೇ ನಂಬಿದ್ದೆ. ಬರೆಯಲು ಕುಳಿತಾಗ ಮಗಳು ಶಾಲಿನಿ ಆಕ್ಷೇಪ ಎತ್ತಿದಳು: ಆಗ ಅವಳು ದ್ವಿತೀಯ ಪಿ.ಯು.ಸಿ.ಯಲ್ಲಿದ್ದಳು, ಹೆಡ್‌ಫೋನ್ ಮನೆಗೆ ಬಂದದ್ದೇ ಅವಳ ಓದಿಗಾಗಿ, ಆದ್ದರಿಂದ 2002 ಆಗಲು ಸಾಧ್ಯವಿಲ್ಲ. ತಿಂಗಳ ವಿಷಯದಲ್ಲೂ ನಾನು ಫೆಬ್ರವರಿಯ ಕೊನೆ ಎಂದುಕೊಂಡಿದ್ದೆ. ನನ್ನ ಹೆಂಡತಿ ಗಿರಿಜಾ, ಅಂದು ಮನೆಯಲ್ಲಿ ಅವರೆಕಾಳು ಹಿತುಕುತ್ತಿದ್ದರಲ್ಲ, ಅಷ್ಟು ಸೊಗಡಿನ ಅವರೆ ಫೆಬ್ರವರಿ ಕೊನೆಗೆ ಎಲ್ಲಿಂದ ಬಂದೀತು ಎಂದು ಕೇಳಿದಳು. ಎರಡೂ ಸಾಕ್ಷ್ಯಗಳನ್ನು ಒಪ್ಪಿಕೊಂಡು ತಿದ್ದಿದ್ದೇನೆ. ಹಳೆಯ ಶಾಸನಗಳ ಕಾಲನಿರ್ಣಯದಲ್ಲೇ ವೃತ್ತಿಜೀವನ ಕಳೆದು ನಿವೃತ್ತನಾದವನು ನಾನು. ಸ್ವಂತ ಮನೆಯ ಘಟನೆಯ ಕಾಲವನ್ನಾದರೂ ಸರಿಯಾಗಿ ಹೇಳಬೇಕು.

ಆ ಚಳಿಗಾಲದಲ್ಲಿ ನನ್ನ ತಾಯಿ ತಮ್ಮ ಸಂಗೀತಪಾಠವನ್ನು ಶಾಶ್ವತವಾಗಿ ನಿಲ್ಲಿಸಿಬಿಡುವುದರಲ್ಲಿದ್ದರು. ಅದಕ್ಕೆ ಕಾರಣವಾದದ್ದು ನಾನೇ ಕೊಂಡು ತಂದಿದ್ದ ಒಂದು ವೈರ್‌ಲೆಸ್ ಹೆಡ್‌ಫೋನ್.

ಅಮ್ಮನಿಗೆ ಆಗ ಎಪ್ಪತ್ತು ದಾಟಿತ್ತು. ಜೆ.ಪಿ. ನಗರದ ನಮ್ಮ ಮನೆಯ ನಡುಮನೆಯಲ್ಲಿ ಪ್ರತಿ ಶುಕ್ರವಾರ ಮಧ್ಯಾಹ್ನ ನಮ್ಮ ಬೀದಿಯ ಮತ್ತು ಜರಗನಹಳ್ಳಿ ಕಡೆಯ ಹತ್ತು ಹನ್ನೆರಡು ಹೆಂಗಸರಿಗೆ ಅವರು ದೇವರನಾಮಗಳನ್ನು ಹೇಳಿಕೊಡುತ್ತಿದ್ದರು. ಅವರು ವೇದಿಕೆ ಹತ್ತಿದವರಲ್ಲ. ಆದರೆ ಶ್ರುತಿಯ ವಿಷಯದಲ್ಲಿ ಮಾತ್ರ ಯಾರಿಗೂ ರಿಯಾಯಿತಿ ಇರುತ್ತಿರಲಿಲ್ಲ. ಮನೆಯ ಪ್ರೆಷರ್ ಕುಕ್ಕರಿನ ವೆಯ್ಟ್ ಬದಲಾಯಿಸಿದಾಗ, ಹೊಸದು ಅರ್ಧ ಸ್ವರ ಮೇಲೆ ಕೂಗುತ್ತದೆ ಎಂದು ದೂರಿದವರು ಅವರು.

ಹಾಗಿದ್ದರೂ ವಯಸ್ಸಿನ ಪರಿಣಾಮವಾಗಿ ಕಿವಿ ಸ್ವಲ್ಪ ಮಂದವಾಗಿತ್ತು. ಅದರ ಹಿಂದಿನ ವರ್ಷ ಜಯನಗರದ ಒಬ್ಬ ಕಿವಿಯ ವೈದ್ಯರಿಗೆ ತೋರಿಸಿದ್ದೆವು. ಈಗೇನೂ ಚಿಂತೆಯಿಲ್ಲ, ಮುಂದೆ ಕೆಲವರಿಗೆ ಕಿವಿಯೊಳಗೆ ಸದಾ ಏನೋ ಮೊರೆದಂತೆ ಕೇಳಿಸುವುದುಂಟು, ಹಾಗಾದರೆ ಬನ್ನಿ ಎಂದು ಅವರು ಹೇಳಿ ಕಳುಹಿಸಿದ್ದರು. ನಾವು ಆ ಮಾತಿನ ಮೊದಲರ್ಧವನ್ನು ನೆನಪಿನಲ್ಲಿಟ್ಟುಕೊಂಡೆವು, ಅಮ್ಮ ಎರಡನೆಯದನ್ನು.

ಅಮ್ಮ ಸಂಜೆಯ ಹೊತ್ತು ಟೇಪ್‌ರೆಕಾರ್ಡರಿನಲ್ಲಿ ಹಳೆಯ ಕ್ಯಾಸೆಟ್‌ಗಳನ್ನು ಹಾಕಿಕೊಂಡು ಕೇಳುತ್ತಿದ್ದರು. ಅವರಿಗೆ ಕೇಳಿಸುವಷ್ಟು ಜೋರಾಗಿ ಇಟ್ಟರೆ ಪಕ್ಕದ ಕೋಣೆಯಲ್ಲಿ ಶಾಲಿನಿಗೆ ಓದಲಾಗುತ್ತಿರಲಿಲ್ಲ. ವೈರಿನ ಹೆಡ್‌ಫೋನ್ ತಂದರೆ, ಅಮ್ಮನ ಕೈಗೆ ಸದಾ ಏನಾದರೊಂದು ಕೆಲಸ ಬೇಕು. ಹೂವು ಕಟ್ಟುವಾಗ ಬಾಳೆನಾರಿನ ಜೊತೆ ವೈರೂ ಸೇರಿ ಗಂಟಾಗುತ್ತಿತ್ತು. ಆದ್ದರಿಂದ ಆ ದಸರೆಗೆ ಜಯನಗರ ನಾಲ್ಕನೇ ಬ್ಲಾಕಿನ ಒಂದು ಅಂಗಡಿಯಿಂದ ವೈರಿಲ್ಲದ್ದನ್ನೇ ತಂದೆ. ಅದರ ಜೊತೆಗೆ ಅಂಗೈಯಗಲದ ಒಂದು ಕಪ್ಪು ಪೆಟ್ಟಿಗೆ ಇತ್ತು. ಅದನ್ನು ಟೇಪ್‌ರೆಕಾರ್ಡರಿಗೆ ಜೋಡಿಸಿದರೆ, ಟಿ.ವಿ. ರಿಮೋಟಿನಂತೆ ಕಣ್ಣಿಗೆ ಕಾಣದ ಬೆಳಕಿನ ಮೂಲಕ ಅದು ಹಾಡನ್ನು ಹೆಡ್‌ಫೋನಿಗೆ ಕಳುಹಿಸುತ್ತಿತ್ತು. ಅಂಗಡಿಯವರು ಮುಂಚೆಯೇ ಎಚ್ಚರಿಸಿದ್ದರು: “ಸಾರ್, ವೈರ್‌ಲೆಸ್ ಅಂದ್ಮೇಲೆ ಸ್ವಲ್ಪ ಸುಯ್ ಅನ್ನತ್ತೆ. ಅಡ್ಜಸ್ಟ್ ಮಾಡ್ಕೊಬೇಕು.”

ನಾನು ಅಡ್ಜಸ್ಟ್ ಮಾಡಿಕೊಳ್ಳುವ ಜಾಯಮಾನದವನಲ್ಲ. ಭಾನುವಾರಗಳ ಬೆಳಿಗ್ಗೆ, ತಿಂಡಿ ಮುಗಿಸಿ, ಅದರ ಧ್ವನಿಯನ್ನು ಸುಧಾರಿಸುವ ಪ್ರಯೋಗಕ್ಕೆ ಕೂರುತ್ತಿದ್ದೆ. ಪೆಟ್ಟಿಗೆಯನ್ನು ಟೇಪ್‌ರೆಕಾರ್ಡರಿನ ಹಿಂದಿನಿಂದ ತೆಗೆದು ಷೋಕೇಸಿನ ಮೇಲೆ, ಅಮ್ಮ ಕೂರುವ ಜಾಗಕ್ಕೆ ನೇರವಾಗಿ ಇಟ್ಟಾಗ ಹಾಡು ಮಧ್ಯೆ ಮಧ್ಯೆ ಕಡಿದುಹೋಗುವುದು ನಿಂತಿತು. ಟೇಪ್‌ರೆಕಾರ್ಡರಿನ ವಾಲ್ಯೂಮನ್ನು ಮುಕ್ಕಾಲು ಭಾಗ ಏರಿಸಿ, ಹೆಡ್‌ಫೋನಿನದನ್ನು ಇಳಿಸಿದರೆ ಆ ಸುಯ್ ಎಂಬುದು ಬಹುಮಟ್ಟಿಗೆ ಅಡಗುತ್ತದೆಂದು ಕಂಡುಕೊಂಡೆ. ಅದುವರೆಗೆ ನಾವು ಇದಕ್ಕೆ ಸರಿಯಾಗಿ ವಿರುದ್ಧವಾಗಿ ಮಾಡುತ್ತಿದ್ದೆವು. ಬ್ಯಾಟರಿ ಅರ್ಧ ಇಳಿದಾಗಲೇ ಧ್ವನಿ ಸೊರಗುವುದನ್ನು ಗಮನಿಸಿ, ಬೆಳಿಗ್ಗೆ ತಪ್ಪದೆ ಚಾರ್ಜಿಗೆ ಹಾಕುವ ಪದ್ಧತಿ ಮಾಡಿದೆ. ಅಕ್ಟೋಬರ್ ಕಳೆಯುವ ಹೊತ್ತಿಗೆ ತಂಬೂರಿಯ ನಾದ ಸಹ ಬಿಡಿಬಿಡಿಯಾಗಿ ಕೇಳುತ್ತಿತ್ತು. ಅಮ್ಮ ಮೆಚ್ಚಿದರು. ಕ್ಯಾಸೆಟ್‌ನಲ್ಲಿ ಹಾಡುವವರ ಹಿಂದೆ ಪಿಟೀಲಿನವರು ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಾರೆ, ಇಷ್ಟು ವರ್ಷ ಕೇಳಿಸಿರಲೇ ಇಲ್ಲ ಎಂದು ನಕ್ಕರು.

ನವೆಂಬರಿನಲ್ಲಿ ಒಂದು ದಿನ ಅವರು ಕೇಳಿದರು: “ರಘು, ನೀನು ಹಾಕ್ಕೊಂಡಾಗ ಅದರಲ್ಲಿ ಹಾಡು ಬಿಟ್ಟು ಬೇರೆ ಏನಾದ್ರೂ ಕೇಳ್ಸತ್ತೇನೋ?”

ಭಾನುವಾರ ನೋಡುತ್ತೇನೆಂದೆ. ನೋಡಿದೆ. ಗಾಜಿನಂತೆ ಸ್ವಚ್ಛವಾಗಿತ್ತು. ಹಾಗೆಂದು ಹೇಳಿದೆ. ಅಮ್ಮ ತಲೆಯಾಡಿಸಿ, “ಸರಿ ಹಾಗಾದ್ರೆ” ಎಂದು ಅಡುಗೆಮನೆಗೆ ಹೋದರು. ಮತ್ತೆ ಆ ಪ್ರಶ್ನೆ ಬರಲಿಲ್ಲ.

ನಮಗೆ ಆಮೇಲೆ ತಿಳಿದ ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ. ಪ್ರತಿದಿನ ಹೊತ್ತು ಮುಳುಗಿದೊಡನೆ ಆ ಹೆಡ್‌ಫೋನಿನಲ್ಲಿ ಅಮ್ಮನಿಗೆ ಒಂದು ಮೊರೆತ ಕೇಳಿಸಲಾರಂಭಿಸಿತ್ತು. ಹಗಲಿನಲ್ಲಿ ಇಲ್ಲ, ಸಂಜೆಗೆ ಮಾತ್ರ. ವೈದ್ಯರು ಹೇಳಿದ್ದು ಬಂತು ಎಂದು ಅವರು ತೀರ್ಮಾನಿಸಿದರು. ಹೆಡ್‌ಫೋನ್ ತೆಗೆದರೆ ಸದ್ದು ನಿಲ್ಲುತ್ತಿತ್ತು ನಿಜ. ಅದಕ್ಕೂ ಅವರ ಬಳಿ ಸಮಾಧಾನವಿತ್ತು. ಮಂಡಿನೋವು ನಡೆದಾಗ ಮಾತ್ರ ಕಾಣಿಸಿಕೊಳ್ಳುವ ಹಾಗೆ, ಕಿವಿಯ ತೊಂದರೆ ಕಿವಿಗೆ ಕೆಲಸ ಕೊಟ್ಟಾಗ ಮಾತ್ರ ಕಾಣಿಸಿಕೊಳ್ಳುತ್ತಿದೆ. ಖಚಿತಪಡಿಸಿಕೊಳ್ಳಲು ಎರಡೂ ಅಂಗೈಗಳಿಂದ ಕಿವಿ ಮುಚ್ಚಿ ನೋಡಿದ್ದರು. ಒಳಗೆ ಗುಂಯ್ ಎಂದು ಕೇಳಿಸಿತ್ತು. ಹಾಗೆ ಮುಚ್ಚಿಕೊಂಡರೆ ಯಾರಿಗಾದರೂ ಕೇಳಿಸುತ್ತದೆ ಎಂಬುದು ಅವರಿಗೆ ಹೊಳೆಯಲಿಲ್ಲ. ಉಳಿದಿದ್ದ ಒಂದೇ ಅನುಮಾನವನ್ನು ನನ್ನ ಉತ್ತರ ಪರಿಹರಿಸಿತ್ತು: ಮಗನಿಗೆ ಏನೂ ಕೇಳಿಸದಿದ್ದರೆ ದೋಷ ಯಂತ್ರದಲ್ಲಿಲ್ಲ.

ಶ್ರುತಿ ನಿಲ್ಲದ ಕಿವಿಯಿಂದ ಇನ್ನೊಬ್ಬರಿಗೆ ಪಾಠ ಹೇಳಬಾರದೆಂಬುದು ಅಮ್ಮನ ನಿಲುವು. ಅದನ್ನು ಯಾರ ಮುಂದೆಯೂ ಆಡದೆ, ಧನುರ್ಮಾಸ ಕಳೆದ ಮೇಲೆ ಪಾಠ ಇರುವುದಿಲ್ಲ ಎಂದು ಶಿಷ್ಯೆಯರಿಗೆ ಹೇಳಿದರು. ನಮ್ಮೊಡನೆ ಮಂಡಿನೋವಿನ ಮಾತೆತ್ತಿದರು. ಗಿರಿಜಾಗೆ ಸಂಶಯ ಬಂದು, ಮಂಡಿ ನೋವಿಗೂ ಕೂತು ಹಾಡುವುದಕ್ಕೂ ಏನು ಸಂಬಂಧ ಎಂದು ಎರಡು ಸಲ ಕೇಳಿದ್ದಳು. ಕೂತವರು ಏಳಬೇಡವೇ ಎಂದು ಅಮ್ಮ ಮಾತು ತೇಲಿಸಿದ್ದರು. ಹೆಡ್‌ಫೋನನ್ನು ಮಾತ್ರ ಬಿಡಲಿಲ್ಲ. ಮಗ ಇಷ್ಟು ಆಸ್ಥೆಯಿಂದ ಸರಿಮಾಡಿಕೊಟ್ಟಿದ್ದಾನೆ, ಹಾಕಿಕೊಳ್ಳದಿದ್ದರೆ ಬೇಸರಪಟ್ಟುಕೊಳ್ಳುತ್ತಾನೆ ಎಂದು ದಿನವೂ ಆ ಮೊರೆತದ ಜೊತೆಯಲ್ಲೇ ಕೇಳುತ್ತಿದ್ದರಂತೆ.

ಸಂಕ್ರಾಂತಿ ಮುಗಿದ ವಾರ, ಉತ್ತರಹಳ್ಳಿಯಿಂದ ಅವರ ತಂಗಿ ಸರೋಜ ಚಿಕ್ಕಮ್ಮನನ್ನು ಕರೆಸಿಕೊಂಡರು. ತಮ್ಮ ಶ್ರುತಿಪೆಟ್ಟಿಗೆಯನ್ನು ಅವರಿಗೆ ಕೊಟ್ಟು ಕಳುಹಿಸುವ ಉದ್ದೇಶದಿಂದ. ಚಿಕ್ಕಮ್ಮನ ಸೊಸೆ ಹಾಡುತ್ತಾಳೆ, ಅವಳ ಕೈಗೆ ಹೋಗಲಿ ಎಂಬುದು ಹೇಳಿದ ಕಾರಣ. ಚಿಕ್ಕಮ್ಮ ಬರುವಾಗ ತಮ್ಮ ಪಕ್ಕದ ಹೊಲದ ಅವರೆಕಾಯಿಯನ್ನು ಒಂದು ಚೀಲ ತುಂಬ ತಂದರು. ಅಕ್ಕನಿಗಿಂತ ಎಂಟು ವರ್ಷ ಚಿಕ್ಕವರು, ಅಕ್ಕ ಗಂಭೀರವಾದಷ್ಟೂ ಇವರಿಗೆ ತಮಾಷೆ ಹೆಚ್ಚು.

ಬಂದ ದಿನದ ಸಂಜೆ ನಡೆದದ್ದನ್ನು ಶಾಲಿನಿ ಮತ್ತು ಚಿಕ್ಕಮ್ಮ ಪ್ರತ್ಯೇಕವಾಗಿ ನನಗೆ ಹೇಳಿದ್ದಾರೆ. ಎರಡು ವರದಿಗಳೂ ತಾಳೆಯಾಗುತ್ತವೆ. ಅಕ್ಕತಂಗಿಯರು ನಡುಮನೆಯಲ್ಲಿ ನೀರಿನ ಬೇಸಿನ್ ಮುಂದಿಟ್ಟುಕೊಂಡು, ನೆನೆದ ಅವರೆಕಾಳನ್ನು ಹಿತುಕುತ್ತ ಕುಳಿತಿದ್ದರು. ಅಮ್ಮನ ತಲೆಯ ಮೇಲೆ ಹೆಡ್‌ಫೋನ್. ಹೊತ್ತು ಮುಳುಗಿತು. ಅಮ್ಮ ಎದ್ದು ದೀಪ ಹಚ್ಚಿ ಬಂದು ಮತ್ತೆ ಕೂತರು. ತಾವು ಆಡುವ ಮಾತು ಒಂದೂ ಅಕ್ಕನ ಕಿವಿಗೆ ಬೀಳುತ್ತಿಲ್ಲವೆಂದು ಚಿಕ್ಕಮ್ಮನಿಗೆ ರೇಗಿತು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಅಮ್ಮನ ತಲೆಯಿಂದ ಹೆಡ್‌ಫೋನ್ ಎತ್ತಿ ತಾವೇ ಹಾಕಿಕೊಂಡರು. ಅಮ್ಮನ ಎರಡೂ ಕೈ ಬೇಸಿನ್ನಿನಲ್ಲಿದ್ದುದರಿಂದ ತಡೆಯಲಾಗಲಿಲ್ಲ.

ಚಿಕ್ಕಮ್ಮ ಮೂರು ನಿಮಿಷ ಕೂಡ ತಡೆಯಲಿಲ್ಲವಂತೆ. “ಇದೇನಕ್ಕ ಇದು, ಜೇನುಗೂಡು ಇಟ್ಕೊಂಡು ಕೂತಿದ್ದೀಯ! ಹಾಡೆಲ್ಲಿದೆ ಇದರಲ್ಲಿ?”

ಅಮ್ಮ ಕೈಯಲ್ಲಿದ್ದ ಕಾಳನ್ನು ಬಿಟ್ಟರು. “ನಿನಗೂ ಕೇಳ್ಸ್ತಾ ಇದೆಯಾ?”

“ಕೇಳ್ಸದೆ ಏನು? ನಾನೇನು ಕಿವುಡೀನಾ?”

“ಸರೋಜ, ತಮಾಷೆ ಬೇಡ. ನಿಜ ಹೇಳು. ಏನು ಕೇಳ್ಸ್ತಿದೆ, ಒಂದ್ಸಲ ಬಾಯಲ್ಲಿ ಹೇಳು.”

ಚಿಕ್ಕಮ್ಮ ಬಾಯಿ ಮುಚ್ಚಿಕೊಂಡು ಮೂಗಿನಿಂದ ಆ ಸದ್ದನ್ನು ಹಾಡಿ ತೋರಿಸಿದರು. ಅಮ್ಮ ಅದಕ್ಕೆ ತಮ್ಮ ದನಿ ಸೇರಿಸಿ, ಕೊಂಚ ಏರಿಸಿ, ಹೀಗಲ್ಲವೇ ಎಂದರು. ಹೌದು, ಅದೇ. ಶಾಲಿನಿ ಪುಸ್ತಕ ಬಿಟ್ಟು ಹೊರಗೆ ಬಂದಾಗ ಇಬ್ಬರು ವೃದ್ಧೆಯರು ಎದುರುಬದುರು ಕೂತು ಮೂಗಿನಲ್ಲಿ ಗುಂಯ್‌ಗುಡುತ್ತಿದ್ದರಂತೆ. ಅಮ್ಮನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕೈ ಒದ್ದೆಯಾಗಿದ್ದುದರಿಂದ ಭುಜಕ್ಕೆ ಕೆನ್ನೆ ಒತ್ತಿ ಒರೆಸಿಕೊಳ್ಳುತ್ತಿದ್ದರು. ಆಗಲೇ ಅವರು ಎರಡು ತಿಂಗಳಿಂದ ಒಳಗಿಟ್ಟುಕೊಂಡದ್ದನ್ನೆಲ್ಲ ಹೇಳಿದ್ದು. ಕಣ್ಣಿಗೆ ಇರುಳುಗುರುಡು ಇರುವ ಹಾಗೆ ಕಿವಿಗೂ ಏನೋ ಒಂದು ಇರಬೇಕು ಅಂದುಕೊಂಡಿದ್ದೆ ಎಂದರಂತೆ. ಚಿಕ್ಕಮ್ಮ, ಇಷ್ಟು ಓದಿದ ಮಗನನ್ನು ಇಟ್ಟುಕೊಂಡು ನಿನಗೆ ನೀನೇ ಡಾಕ್ಟರಾಗಿದ್ದೀಯಲ್ಲ ಎಂದು ಬೈದರು.

ನಾನು ಕೆಲಸದಿಂದ ಮನೆಗೆ ಬಂದಾಗ ಏಳು ಗಂಟೆಯಾಗಿರಬೇಕು. ಚಪ್ಪಲಿ ಬಿಡುವ ಮೊದಲೇ ಚಿಕ್ಕಮ್ಮ ನನ್ನ ತಲೆಗೆ ಹೆಡ್‌ಫೋನ್ ತೊಡಿಸಿದರು. ಭಾನುವಾರ ಬೆಳಿಗ್ಗೆ ಗಾಜಿನಂತಿದ್ದ ಧ್ವನಿಯ ಮೇಲೆ ದಪ್ಪನೆಯ ಒಂದು ಮೊರೆತ ಕವಿದಿತ್ತು. ಎರಡು ತಿಂಗಳ ಕಥೆಯನ್ನು ಶಾಲಿನಿ ಎರಡು ನಿಮಿಷದಲ್ಲಿ ಹೇಳಿದಳು. ನಾನು ಅಮ್ಮನ ಮುಖ ನೋಡಿದೆ. ಅವರು ಹಗುರಾಗಿದ್ದರು, ಆದರೆ ಪೂರ್ತಿ ಅಲ್ಲ. ಸದ್ದು ಯಂತ್ರದ್ದೇ ಎಂದಾದರೆ ಅದು ಸಂಜೆಗೇ ಏಕೆ ಬರುತ್ತದೆ ಎಂಬುದು ಗೊತ್ತಾಗುವವರೆಗೆ ಅವರ ಮನಸ್ಸು ಒಪ್ಪುವಂತಿರಲಿಲ್ಲ. ಪಾಠ ಮತ್ತೆ ಶುರುಮಾಡಿ ಎಂದು ಗಿರಿಜಾ ಹೇಳಿದ್ದಕ್ಕೆ, ನೋಡೋಣ ಎಂದಷ್ಟೇ ಉತ್ತರಿಸಿದರು.

ಎಷ್ಟು ಹೊತ್ತಿಗೆ ಶುರುವಾಗುತ್ತದೆ ಎಂದು ವಿಚಾರಿಸಿದೆ. ಕಾರ್ತಿಕದಲ್ಲಿ ಆರಕ್ಕೆ ಮುಂಚೆ ಬರುತ್ತಿತ್ತು, ಈಗ ಆರು ದಾಟಿ ಬರುತ್ತದೆ ಎಂದರು. ಅಂದರೆ ಸದ್ದು ಗಡಿಯಾರವನ್ನು ಅನುಸರಿಸುತ್ತಿರಲಿಲ್ಲ, ಸೂರ್ಯನನ್ನು ಅನುಸರಿಸುತ್ತಿತ್ತು. ಸೂರ್ಯಾಸ್ತಕ್ಕೆ ಸರಿಯಾಗಿ ನಮ್ಮ ಮನೆಯಲ್ಲಿ ನಡೆಯುವುದು ಏನು? ಅದು ಅಮ್ಮನ ದಿನಚರಿ. ಹೊತ್ತು ಮುಳುಗುವಾಗ ಅವರು ಒಂದು ಸುತ್ತು ಬರುತ್ತಾರೆ: ಹಿತ್ತಲ ಬಾಗಿಲು ಮುಚ್ಚಿ, ದೇವರಿಗೆ ದೀಪ ಹಚ್ಚಿ, ನಡುಮನೆಯ ಲೈಟು ಹಾಕುತ್ತಾರೆ. ಮೂರನ್ನೂ ಒಂದೊಂದಾಗಿ ಪರೀಕ್ಷಿಸಬೇಕೆಂದೆ.

ಚಿಕ್ಕಮ್ಮ ಉತ್ಸಾಹದಿಂದ ಹಿತ್ತಲ ಬಾಗಿಲು ತೆರೆದು ನಿಂತರು. ಸದ್ದು ಕದಲಲಿಲ್ಲ, ಸೊಳ್ಳೆ ಬಂದವು. ದೇವರ ದೀಪದ ಸರದಿ ಬಂದಾಗ ಅಮ್ಮ ಖಂಡಿತವಾಗಿ ನಿರಾಕರಿಸಿದರು. ಮುಸ್ಸಂಜೆ ಹಚ್ಚಿದ ದೀಪವನ್ನು ಒಂದು ಪೆಟ್ಟಿಗೆಯ ಸಲುವಾಗಿ ಶಾಂತ ಮಾಡುವುದುಂಟೇ? ಬೇಕಿದ್ದರೆ ಪೆಟ್ಟಿಗೆ ಹಾಳಾಗಲಿ. ಕೊನೆಗೆ ದೇವರಮನೆಯ ಬಾಗಿಲಿಗೆ ಗಿರಿಜಾ ಹೊದಿಕೆಯೊಂದನ್ನು ಅಡ್ಡ ಹಿಡಿದಳು. ಆಗಲೂ ಸದ್ದು ಇದ್ದಂತೆಯೇ ಇತ್ತು.

ಉಳಿದದ್ದು ನಡುಮನೆಯ ಲೈಟು. ದೀಪಾವಳಿಯ ಸಮಯದಲ್ಲಿ ಟ್ಯೂಬ್‌ಲೈಟಿನ ಚೋಕು ಸುಟ್ಟಿದ್ದರಿಂದ, ಕರೆಂಟು ಉಳಿಸುತ್ತದೆಂದು ಆಗ ಎಲ್ಲರೂ ಹೊಗಳುತ್ತಿದ್ದ ಹೊಸ ನಮೂನೆಯ ಸಿ.ಎಫ್.ಎಲ್. ಒಂದನ್ನು ಹಾಕಿಸಿದ್ದೆವು. ಅದು ಅಮ್ಮ ಕೂರುವ ಜಾಗದ ನೆತ್ತಿಯ ಮೇಲೇ ಇತ್ತು. ಸ್ವಿಚ್ಚು ಆರಿಸಿದೆ. ಹೆಡ್‌ಫೋನಿನಲ್ಲಿ ತಂಬೂರಿ ಎದ್ದು ನಿಂತಿತು. ಹಾಕಿದೆ, ಮೊರೆತ ಬಂತು. ಆರಿಸಿದೆ, ಹೋಯಿತು. ನಮ್ಮ ಸಂಸ್ಥೆಯಲ್ಲಿ ಉಪಕರಣಗಳನ್ನು ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿಯೊಬ್ಬರು ಆಮೇಲೆ ವಿವರಿಸಿದರು: ಆ ದೀಪ ನಮ್ಮ ಕಣ್ಣಿಗೆ ತಿಳಿಯದಷ್ಟು ವೇಗವಾಗಿ ಮಿಣುಕುತ್ತಿರುತ್ತದೆ, ಬೆಳಕಿನಿಂದಲೇ ಹಾಡನ್ನು ಓದುವ ಹೆಡ್‌ಫೋನ್ ಆ ಮಿಣುಕನ್ನೂ ಸದ್ದೆಂದು ಓದುತ್ತದೆ. ಗ್ರಹಣದ ಉಲ್ಲೇಖ ಹಿಡಿದು ಶತಮಾನಗಳ ಹಿಂದಿನ ದಿನವನ್ನು ಗುರುತಿಸುವ ಕೆಲಸ ನನ್ನದು. ನನ್ನ ಪ್ರಯೋಗಗಳೆಲ್ಲ ಲೈಟು ಹಾಕದ ಹೊತ್ತಿನಲ್ಲೇ ನಡೆದಿದ್ದವು.

ಅಮ್ಮ ಮಾತ್ರ ಇನ್ನೂ ಯೋಚನೆಯಲ್ಲಿದ್ದರು. ಲೈಟಿನಿಂದ ಸದ್ದು ಬರುತ್ತದೆ, ಸರಿ. ಆದರೆ ಲೈಟು ಆರಿದಾಗ ತನ್ನ ಕಿವಿಯಲ್ಲಿ ನಿಜಕ್ಕೂ ಏನೂ ಉಳಿಯುವುದಿಲ್ಲವೇ, ಅಥವಾ ನಿಂತಿತು ಎಂದು ನಾವು ಹೇಳಿದ್ದರಿಂದ ಹಾಗೆ ಅನಿಸುತ್ತಿದೆಯೇ? ಇದು ಸಂಶೋಧಕನೊಬ್ಬ ಕೇಳಬೇಕಾದ ಪ್ರಶ್ನೆ. ಕೇಳಿದ್ದು ಅವರು.

ಅಡುಗೆಮನೆಯ ಲೈಟು ಉರಿಯಲಿ, ಮನೆ ಕತ್ತಲಾಗಬಾರದು ಎಂಬ ಷರತ್ತಿನ ಮೇಲೆ ಪರೀಕ್ಷೆಗೆ ಒಪ್ಪಿದರು. ಹೆಡ್‌ಫೋನ್ ಹಾಕಿಕೊಂಡು, ಗೋಡೆಗೆ ಮುಖಮಾಡಿ, ಕಣ್ಣು ಮುಚ್ಚಿ ಕೂತರು. ಲೈಟಿನ ಬೆಳಕು ರೆಪ್ಪೆಯ ಮೂಲಕವೂ ತಿಳಿಯಬಾರದೆಂದು ಚಿಕ್ಕಮ್ಮ ಅವರ ಕಣ್ಣಿಗೆ ಸೆರಗು ಅಡ್ಡಕಟ್ಟಿದರು. ಟೇಪು ನಿಲ್ಲಿಸಿ ಪೆಟ್ಟಿಗೆಯನ್ನು ಮಾತ್ರ ಚಾಲೂ ಇಟ್ಟೆವು. ಸದ್ದು ಬಂದಾಗ ಬೆರಳೆತ್ತಬೇಕು, ಹೋದಾಗ ಇಳಿಸಬೇಕು. ನಾನು ಸ್ವಿಚ್‌ಬೋರ್ಡಿನ ಬಳಿ ನಿಂತೆ. ಒಂದೇ ಒಂದು ಸಲ ತಪ್ಪು ಬೆರಳು ಎದ್ದರೂ ಅಮ್ಮ ಇನ್ನೆಂದೂ ಹಾಡಲು ಕೂರುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು.

ಹಾಕಿದೆ. ಬೆರಳು ಎದ್ದಿತು. ಆರಿಸಿದೆ. ಇಳಿಯಿತು. ಬಹಳ ಹೊತ್ತು ಏನೂ ಮಾಡದೆ ನಿಂತೆ. ಬೆರಳೂ ಅಲುಗಲಿಲ್ಲ. ಹಾಕಿದೆ, ಎದ್ದಿತು. ಆರಿಸಿದೆ, ಇಳಿಯಿತು. ಆಗ ನನಗೊಂದು ಸಂದೇಹ ಬಂತು: ಸ್ವಿಚ್ಚಿನ ಟಕ್ ಎಂಬ ಶಬ್ದ ಹೆಡ್‌ಫೋನಿನ ಸ್ಪಂಜಿನ ಮೂಲಕ ಕೇಳಿಸಿ, ಅದನ್ನೇ ಅನುಸರಿಸುತ್ತಿರಬಹುದಲ್ಲವೇ? ಆದ್ದರಿಂದ ಲೈಟಿನ ಸ್ವಿಚ್ಚನ್ನು ಬಿಟ್ಟು, ಪಕ್ಕದ ಫ್ಯಾನಿನ ಸ್ವಿಚ್ಚನ್ನು ಒತ್ತಿದೆ. ರೆಗ್ಯುಲೇಟರ್ ಸೊನ್ನೆಯಲ್ಲಿತ್ತು, ಫ್ಯಾನು ತಿರುಗುವಂತಿರಲಿಲ್ಲ.

ಬೆರಳು ಏಳಲಿಲ್ಲ. ಅಮ್ಮ ಗೋಡೆಗೆ ಮುಖಮಾಡಿಕೊಂಡೇ ಹೇಳಿದರು: “ಅದು ಫ್ಯಾನಿಂದು ಕಣೋ. ಯಾರ ಕಿವೀನ ಪರೀಕ್ಷೆ ಮಾಡ್ತಿದ್ದೀಯ ನೀನು?”

ಚಿಕ್ಕಮ್ಮ ನಕ್ಕು ನಕ್ಕು ಬೇಸಿನ್ನಿನ ಪಕ್ಕದಲ್ಲೇ ಕುಸಿದು ಕುಳಿತರು. ಅಮ್ಮ ಸೆರಗು ಬಿಚ್ಚಿ, ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡು, ಬಹಳ ಸಾಮಾನ್ಯ ದನಿಯಲ್ಲಿ, ನಾಳೆ ಶುಕ್ರವಾರ ಅಲ್ಲವೇ, ಎಲ್ಲರಿಗೂ ಫೋನ್ ಮಾಡಿ ಬರಹೇಳು ಎಂದು ಗಿರಿಜಾಗೆ ಹೇಳಿದರು. ಶ್ರುತಿಪೆಟ್ಟಿಗೆಯ ಮಾತನ್ನು ಚಿಕ್ಕಮ್ಮ ಎತ್ತಲಿಲ್ಲ, ಅಮ್ಮನೂ ಎತ್ತಲಿಲ್ಲ.

ಮರುದಿನ ಸಂಜೆ ನೆತ್ತಿಯ ಮೇಲಿನ ಸಿ.ಎಫ್.ಎಲ್. ಅನ್ನು ವರಾಂಡಕ್ಕೆ ವರ್ಗಾಯಿಸಿ, ನಡುಮನೆಯಲ್ಲಿ ಅಮ್ಮನ ಬೆನ್ನಿನ ಕಡೆಯ ಗೋಡೆಗೆ ಹಳೆಯ ಕಾಲದ ಹಳದಿ ಬಲ್ಬು ಹಾಕಿದೆ. ಕರೆಂಟು ಸ್ವಲ್ಪ ಹೆಚ್ಚು ಹೋಗುತ್ತಿತ್ತು, ಹೋಗಲಿ ಎಂದುಕೊಂಡೆವು. ಮುಸ್ಸಂಜೆಗೆ ಲೈಟು ಹಾಕುವ ಪದ್ಧತಿಯೂ ತಪ್ಪಲಿಲ್ಲ, ಹೆಡ್‌ಫೋನಿನ ಧ್ವನಿಯೂ ಕೆಡಲಿಲ್ಲ. ಅದಾದ ಮೇಲೆ ಕಿವಿಯೊಳಗೆ ಸಿಕ್ಕಿಸುವ ಕಡ್ಡಿಯಂಥ ಪುಟ್ಟ ವೈರ್‌ಲೆಸ್ ಸಾಧನಗಳು ಎಷ್ಟೋ ಬಂದಿವೆ, ನನ್ನ ಬಳಿಯೂ ಇವೆ. ಅವುಗಳಲ್ಲಿ ಏನಾದರೂ ಅಪಸ್ವರ ಕೇಳಿಸಿದರೆ ನಾನು ಮಾಡುವ ಮೊದಲ ಕೆಲಸ, ಅದನ್ನು ಅದೇ ಜಾಗದಲ್ಲಿ, ಅದೇ ಗಳಿಗೆಯಲ್ಲಿ ಇನ್ನೊಬ್ಬರ ಕಿವಿಗೆ ಕೊಟ್ಟು ಕೇಳುವುದು. ಭಾನುವಾರ ಬೆಳಿಗ್ಗೆಯವರೆಗೆ ಕಾಯುವುದಿಲ್ಲ.

ಅಂದಿನ ಶುಕ್ರವಾರದ ಮಧ್ಯಾಹ್ನ ನಾನು ರಜೆ ಹಾಕಿ ಮನೆಯಲ್ಲೇ ಉಳಿದಿದ್ದೆ. ನಡುಮನೆಯ ತುಂಬ ಜನ ಸೇರಿದ್ದರು, ನಾನು ಪಕ್ಕದ ಕೋಣೆಯಲ್ಲಿ ಪುಸ್ತಕ ಬಿಚ್ಚಿಕೊಂಡು ಕೂತಿದ್ದೆ. ಎಲ್ಲರೂ ಒಟ್ಟಾಗಿ ಹಾಡುತ್ತಿದ್ದರು. ಎರಡನೆಯ ಚರಣದ ಮಧ್ಯದಲ್ಲಿ ಅಮ್ಮ ತಟ್ಟನೆ ನಿಲ್ಲಿಸಿದರು. ಹಿಂದಿನ ಸಾಲಿನಲ್ಲಿ ಯಾರೋ ಗಾಂಧಾರವನ್ನು ಒಂದು ಕೂದಲೆಳೆಯಷ್ಟು ಇಳಿಸುತ್ತಿದ್ದಾರೆ, ಯಾರೆಂದು ಹೇಳುವುದಿಲ್ಲ, ಅವರೇ ತಿದ್ದಿಕೊಳ್ಳಲಿ ಎಂದರು. ಒಂದಷ್ಟು ನಗು, ಗುಸುಗುಸು. ಮತ್ತೆ ಹಾಡು ಆರಂಭವಾಯಿತು. ನಾನು ಪುಸ್ತಕ ಕೆಳಗಿಟ್ಟು, ಉಸಿರು ಬಿಗಿಹಿಡಿದು ಆಲಿಸಿದೆ. ಮೊದಲ ಸಲ ಏನು ತಪ್ಪಿತ್ತು, ಈಗ ಏನು ಸರಿಯಾಯಿತು, ನನಗೆ ಏನೂ ಕೇಳಿಸಲಿಲ್ಲ. ಹಾಗೆ ಏನೂ ಕೇಳಿಸದೆ ಕೂತಿದ್ದ ಆ ಮಧ್ಯಾಹ್ನದ ನೆಮ್ಮದಿ ಇಂದಿಗೂ ನನ್ನೊಳಗೆ ಹಾಗೆಯೇ ಇದೆ.